ಚಾಪೆಲ್ ಹಿಲ್ ತನ್ನ ಆಟಗಾರರಿಗೆ ಕೊಡುವ ವಿದ್ಯೆ: ಒಂದು ಸೇವೆಯ ವಿಮರ್ಶೆ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಹದಿನೇಳು ವರ್ಷದ ಆಟಗಾರರ ಮನೆಗೆ ಹೋಗಿ, ತಂದೆ ತಾಯಿಯ ಎದುರು ಕುಳಿತು ಮಾಡಿಕೊಳ್ಳುವ ಒಪ್ಪಂದದ ತಿರುಳು ಸರಳವಾದದ್ದು: ನಿಮ್ಮ ಮಗ ಅಥವಾ ಮಗಳು ನಮ್ಮ ತಂಡಕ್ಕೆ ಆಡಲಿ, ಪ್ರತಿಯಾಗಿ ನಾವು ವಿದ್ಯೆ ಕೊಡುತ್ತೇವೆ. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕಗಳೆಲ್ಲ ಆ ಭರವಸೆಯ ಭಾಗಗಳೇ ಆದರೂ ಕುಟುಂಬ ಒಪ್ಪಿಕೊಳ್ಳುವುದು ಕೊನೆಯಲ್ಲಿ ಸಿಗಲಿರುವ ಪದವಿಯನ್ನು ನಂಬಿ. ಆ ವಿದ್ಯೆಯನ್ನು ಒಂದು ಸೇವೆಯೆಂದೇ ಭಾವಿಸಿ, ಅದು ಕೊಟ್ಟ ಮಾತಿಗೆ ತಕ್ಕಂತೆ ದೊರೆಯುತ್ತದೆಯೇ ಎಂದು ಪರಿಶೀಲಿಸುವುದು ಈ ಬರಹದ ಉದ್ದೇಶ. ಅದಕ್ಕಾಗಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಆವರಣವನ್ನು ಆರಿಸಿಕೊಂಡಿದ್ದೇನೆ. ಆಟಕ್ಕಾಗಿ ಪಾಠವನ್ನು ಬಿಟ್ಟುಕೊಟ್ಟ ಪ್ರಕರಣಗಳಲ್ಲಿ ಇಷ್ಟು ವಿವರವಾಗಿ ದಾಖಲಾದದ್ದು ಬೇರೆ ಇಲ್ಲವೆಂಬುದು ಒಂದು ಕಾರಣ. ಕ್ಯಾರಿ, ಮೋರಿಸ್‌ವಿಲ್, ಡರ್ಹಮ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪಾಲಿಗೆ ಇದು ಮನೆಯ ಪಕ್ಕದ ವಿಶ್ವವಿದ್ಯಾಲಯ ಎಂಬುದು ಇನ್ನೊಂದು ಕಾರಣ. ಟೆನಿಸ್, ಈಜು, ಗಾಲ್ಫ್ ಕಲಿಯುವ ನಮ್ಮ ಮಕ್ಕಳಲ್ಲಿ ಕಾಲೇಜು ತಂಡ ಸೇರುವ ಆಸೆ ಈಗ ಅಪರೂಪವಾಗಿ ಉಳಿದಿಲ್ಲ.

ಮೊದಲಿಗೇ ಹೇಳಿಬಿಡಬೇಕಾದ ಮಾತೆಂದರೆ, ಚಾಪೆಲ್ ಹಿಲ್ ಕಳಪೆ ವಿದ್ಯಾಸಂಸ್ಥೆಯಲ್ಲ. 1789ರಲ್ಲಿ ಸನ್ನದು ಪಡೆದು 1795ರಲ್ಲಿ ಬಾಗಿಲು ತೆರೆದ ಇದು ದೇಶದ ಅತ್ಯಂತ ಹಳೆಯ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಒಂದು. ಸಾರ್ವಜನಿಕ ಆರೋಗ್ಯ ಮತ್ತು ಔಷಧ ವಿಜ್ಞಾನದಲ್ಲಿ ಇದರ ಹೆಸರು ಜಗತ್ತಿನ ಎಲ್ಲೆಡೆ ಗೌರವದಿಂದ ಕೇಳಿಬರುತ್ತದೆ. ಆಟದಲ್ಲಿಯೂ ಇದು ಹಿಂದಿಲ್ಲ. ಪುರುಷರ ಬಾಸ್ಕೆಟ್‌ಬಾಲ್‌ನಲ್ಲಿ 1957, 1982, 1993, 2005, 2009 ಮತ್ತು 2017ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. 1982ರ ಅಂತಿಮ ಪಂದ್ಯದಲ್ಲಿ ಗೆಲುವಿನ ಚೆಂಡನ್ನು ಬುಟ್ಟಿಗೆ ಹಾಕಿದ ಮೊದಲ ವರ್ಷದ ವಿದ್ಯಾರ್ಥಿ ಮೈಕೆಲ್ ಜೋರ್ಡನ್, 1984ರಲ್ಲಿ ವೃತ್ತಿಪರ ಆಟಕ್ಕೆ ಹೊರಟುಹೋದ ಮೇಲೂ ಉಳಿದ ಪಾಠಗಳನ್ನು ಓದಿ ಮುಗಿಸಿ 1986ರಲ್ಲಿ ಭೂಗೋಳ ವಿಷಯದಲ್ಲಿ ಪದವಿ ಪಡೆದರು. ಮಹಿಳಾ ಸಾಕರ್‌ನ ಮಹಾನ್ ಆಟಗಾರ್ತಿ ಮಿಯಾ ಹ್ಯಾಮ್ 1994ರಲ್ಲಿ ಇಲ್ಲಿಂದಲೇ ರಾಜ್ಯಶಾಸ್ತ್ರದ ಪದವೀಧರೆಯಾಗಿ ಹೊರಬಂದರು. ಈ ಸೇವೆ ಸರಿಯಾಗಿ ನಡೆದಾಗ ಏನನ್ನು ಕೊಡಬಲ್ಲದು ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ. ಹೀಗಾಗಿ ಮುಂದೆ ಹೇಳಲಿರುವ ವೈಫಲ್ಯವನ್ನು ಸಾಮರ್ಥ್ಯದ ಕೊರತೆಯ ಲೆಕ್ಕಕ್ಕೆ ಹಾಕಲು ಸಾಧ್ಯವೇ ಇಲ್ಲ.

ಸೌಲಭ್ಯಗಳ ಬಗ್ಗೆ ದೂರು ಹೇಳುವುದು ಕಷ್ಟ. 1986ರಲ್ಲಿ ತೆರೆದ ಡೀನ್ ಸ್ಮಿತ್ ಸೆಂಟರ್‌ನಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಕುಳಿತು ಬಾಸ್ಕೆಟ್‌ಬಾಲ್ ನೋಡಬಹುದು. ಮರಗಳ ನಡುವಿನ ಕೆನನ್ ಸ್ಟೇಡಿಯಂ ಐವತ್ತು ಸಾವಿರ ಜನರನ್ನು ಹಿಡಿಸುತ್ತದೆ. ಆ ಸ್ಟೇಡಿಯಂನ ಪೂರ್ವದ ತುದಿಗೆ 2011ರಲ್ಲಿ ಎದ್ದ ಲೌಡರ್‌ಮಿಲ್ಕ್ ಕಟ್ಟಡದಲ್ಲಿ ಆಟಗಾರರಿಗೆಂದೇ ಮೀಸಲಾದ ಅಧ್ಯಯನ ಕೇಂದ್ರವಿದೆ. ಅಲ್ಲಿ ಕಂಪ್ಯೂಟರ್‌ಗಳಿವೆ, ಟ್ಯೂಟರ್‌ಗಳಿದ್ದಾರೆ, ಯಾವ ಸೆಮಿಸ್ಟರ್‌ನಲ್ಲಿ ಯಾವ ಕೋರ್ಸ್ ತೆಗೆದುಕೊಳ್ಳಬೇಕೆಂದು ಹೇಳಿಕೊಡುವ ಸಲಹೆಗಾರರಿದ್ದಾರೆ, ಓದಿನಲ್ಲಿ ತೊಡಕಿರುವವರಿಗೆ ವಿಶೇಷ ಶಿಕ್ಷಕರೂ ಇದ್ದಾರೆ. ಸುಮಾರು ಮೂವತ್ತು ಸಾವಿರ ವಿದ್ಯಾರ್ಥಿಗಳ ಈ ವಿಶ್ವವಿದ್ಯಾಲಯದಲ್ಲಿ ಬೇರೆ ಯಾವ ಹದಿನೆಂಟು ವರ್ಷದ ವಿದ್ಯಾರ್ಥಿಗೂ ಇಷ್ಟು ಜನರ ಗಮನ ಸಿಗುವುದಿಲ್ಲ. ಆದರೆ ಅದೇ ಕಟ್ಟಡದಲ್ಲಿ ಪಂದ್ಯ ನೋಡುವ ಶ್ರೀಮಂತ ದಾನಿಗಳ ದುಬಾರಿ ಆಸನಗಳೂ ಇವೆ ಎಂಬುದನ್ನು ಗಮನಿಸಬೇಕು. ಗ್ರಂಥಾಲಯದ ಪಕ್ಕದಲ್ಲಿರಬಹುದಾಗಿದ್ದ ಓದುವ ಜಾಗವನ್ನು ಆಟದ ಮೈದಾನಕ್ಕೆ ಅಂಟಿಸಿ ಕಟ್ಟಿದಾಗ, ವಿದ್ಯಾರ್ಥಿಯ ದಿನಚರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಂತಾಯಿತು.

ಈ ಸೇವೆಗೆ ಆಟಗಾರ ತೆರುವ ಬೆಲೆ ಸಮಯ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಪಂದ್ಯಗಳ ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕಡ್ಡಾಯ ತರಬೇತಿ ಇರಕೂಡದು. ಕಾಗದದ ಮೇಲೆ ಇದು ಸಮಂಜಸವಾಗಿ ಕಾಣುತ್ತದೆ. ಆದರೆ ವಿಮಾನದಲ್ಲಿ, ಬಸ್ಸಿನಲ್ಲಿ ಕಳೆಯುವ ಹೊತ್ತು, ಗಾಯಕ್ಕೆ ಚಿಕಿತ್ಸೆ ಪಡೆಯುವ ಹೊತ್ತು, ‘ಇಷ್ಟವಿದ್ದರೆ ಬನ್ನಿ’ ಎಂದು ಕರೆಯಲಾಗುವ, ಆದರೆ ಬಾರದವನ ಹೆಸರು ಕೋಚ್‌ನ ಮನಸ್ಸಿನಲ್ಲಿ ಉಳಿಯುವ ಅಭ್ಯಾಸದ ಹೊತ್ತು, ಇವು ಯಾವುವೂ ಆ ಇಪ್ಪತ್ತರ ಲೆಕ್ಕಕ್ಕೆ ಬರುವುದಿಲ್ಲ. ಪಂದ್ಯದ ದಿನ ಎಷ್ಟು ಗಂಟೆ ಕಳೆದರೂ ಅದನ್ನು ಮೂರು ಗಂಟೆಯೆಂದೇ ಎಣಿಸಲಾಗುತ್ತದೆ. ಎನ್‌ಸಿಎಎ ತಾನೇ ನಡೆಸುವ ಸಮೀಕ್ಷೆಗಳಲ್ಲಿ ಉನ್ನತ ಹಂತದ ಆಟಗಾರರು ತಮ್ಮ ಕ್ರೀಡೆಗೆ ವಾರಕ್ಕೆ ಮೂವತ್ತು ಗಂಟೆಗೂ ಹೆಚ್ಚು ಕೊಡುತ್ತೇವೆಂದು ಹೇಳುತ್ತಾ ಬಂದಿದ್ದಾರೆ. ಮಧ್ಯಾಹ್ನವಿಡೀ ಅಭ್ಯಾಸವಿದ್ದರೆ ಮಧ್ಯಾಹ್ನದ ಪ್ರಯೋಗಾಲಯದ ತರಗತಿಗಳು ಕೈತಪ್ಪುತ್ತವೆ. ಪ್ರಯೋಗಾಲಯ ಕೈತಪ್ಪಿದರೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಎಂಜಿನಿಯರಿಂಗ್ ಕೈತಪ್ಪುತ್ತವೆ. ಯಾರೂ ‘ನೀನು ಇದನ್ನು ಓದಬೇಡ’ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ವೇಳಾಪಟ್ಟಿಯೇ ಆ ಕೆಲಸವನ್ನು ಮಾಡಿಬಿಡುತ್ತದೆ. ಒಂದೇ ತಂಡದ ಆಟಗಾರರೆಲ್ಲ ಒಂದೆರಡು ವಿಷಯಗಳಲ್ಲಿಯೇ ಗುಂಪುಗೂಡಿರುವುದನ್ನು ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಕಾಣಬಹುದು.

ಇದಕ್ಕಿಂತ ಆಳವಾದ ತೊಂದರೆ ಅಳತೆಗೋಲಿನಲ್ಲಿದೆ. ಆಟಗಾರ ಕಣಕ್ಕಿಳಿಯಲು ಅರ್ಹನಾಗಿ ಉಳಿಯಬೇಕಾದರೆ ಇಂತಿಷ್ಟು ಕ್ರೆಡಿಟ್, ಇಂತಿಷ್ಟು ಸರಾಸರಿ ಗ್ರೇಡ್ ಇರಬೇಕು. ಎರಡನೆಯ ವರ್ಷದ ಕೊನೆಗೆ ಪದವಿಯ ಶೇ. 40, ಮೂರನೆಯದರ ಕೊನೆಗೆ ಶೇ. 60, ನಾಲ್ಕನೆಯದರ ಕೊನೆಗೆ ಶೇ. 80 ಭಾಗ ಮುಗಿದಿರಬೇಕು. ತಂಡಕ್ಕೂ ಒಂದು ಅಂಕವಿದೆ: ಸ್ಕಾಲರ್‌ಶಿಪ್ ಪಡೆದ ಪ್ರತಿಯೊಬ್ಬ ಆಟಗಾರ ಅರ್ಹನಾಗಿ ಉಳಿದರೆ ಒಂದು, ಕಾಲೇಜು ಬಿಡದೆ ಉಳಿದರೆ ಇನ್ನೊಂದು, ಒಟ್ಟು ಸಾವಿರಕ್ಕೆ ಹೊಂದಿಸಿದಾಗ 930ಕ್ಕಿಂತ ಕೆಳಗಿಳಿದ ತಂಡಕ್ಕೆ ಶಿಕ್ಷೆ. ಈ ನಿಯಮದಡಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ಬಾಸ್ಕೆಟ್‌ಬಾಲ್ ತಂಡ 2013ರ ರಾಷ್ಟ್ರೀಯ ಪಂದ್ಯಾವಳಿಯಿಂದ ಹೊರಗುಳಿದು, ಮರುವರ್ಷವೇ ಮರಳಿ ಬಂದು ಪ್ರಶಸ್ತಿ ಗೆದ್ದಿತು. ನಿಯಮಗಳನ್ನು ಮಾಡಿದವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಇವೆಲ್ಲವೂ ಅಳೆಯುವುದು ಅರ್ಹತೆಯನ್ನು ಮಾತ್ರ. ವಿದ್ಯಾರ್ಥಿ ಏನನ್ನು ಕಲಿತ, ಒಂದು ಪುಟವನ್ನು ಓದಿ ಅರ್ಥಮಾಡಿಕೊಳ್ಳಬಲ್ಲನೇ, ಒಂದು ಪ್ಯಾರಾವನ್ನು ಸ್ವಂತವಾಗಿ ಬರೆಯಬಲ್ಲನೇ ಎಂಬುದನ್ನು ಕೇಳುವ ಒಂದು ಅಂಕಣವೂ ಈ ವ್ಯವಸ್ಥೆಯ ಯಾವ ನಮೂನೆಯಲ್ಲಿಯೂ ಇಲ್ಲ. ಹೀಗಿರುವಾಗ, ಕಲಿಸದೆಯೇ ಅರ್ಹತೆ ಕೊಡಬಲ್ಲ ದಾರಿಯೊಂದು ತೆರೆದುಕೊಂಡರೆ ವ್ಯವಸ್ಥೆಯ ಭಾರವೆಲ್ಲ ಆ ದಾರಿಯತ್ತಲೇ ವಾಲುತ್ತದೆ.

ಚಾಪೆಲ್ ಹಿಲ್‌ನಲ್ಲಿ ಅಂಥ ದಾರಿ 1993ರಿಂದ 2011ರವರೆಗೆ, ಹದಿನೆಂಟು ವರ್ಷ ತೆರೆದಿತ್ತು. ಆಫ್ರಿಕನ್ ಮತ್ತು ಆಫ್ರೋ-ಅಮೆರಿಕನ್ ಅಧ್ಯಯನ ವಿಭಾಗದಲ್ಲಿ ತರಗತಿಯೇ ನಡೆಯದ, ಅಧ್ಯಾಪಕರೇ ಇಲ್ಲದ, ಸೆಮಿಸ್ಟರ್ ಕೊನೆಗೆ ಒಂದು ಪ್ರಬಂಧ ಒಪ್ಪಿಸಿದರೆ ಮುಗಿಯುವ ಕೋರ್ಸ್‌ಗಳಿದ್ದವು. ಅವುಗಳಲ್ಲಿ ಹಲವು ಅಧಿಕೃತ ವೇಳಾಪಟ್ಟಿಯಲ್ಲಿ ಉಪನ್ಯಾಸದ ತರಗತಿಗಳೆಂದೇ ನಮೂದಾಗಿದ್ದವು. ವಿಭಾಗದ ಕಚೇರಿಯನ್ನು ನಡೆಸುತ್ತಿದ್ದ ಡೆಬೋರಾ ಕ್ರೌಡರ್ ವಿಷಯವನ್ನು ಸೂಚಿಸುತ್ತಿದ್ದರು, ಪ್ರಬಂಧವನ್ನು ಸ್ವೀಕರಿಸುತ್ತಿದ್ದರು, ಮೊದಲ ಮತ್ತು ಕೊನೆಯ ಭಾಗಗಳ ಮೇಲೆ ಕಣ್ಣಾಡಿಸಿ ಧಾರಾಳವಾಗಿ ಗ್ರೇಡ್ ಕೊಡುತ್ತಿದ್ದರು, ಅವರು ಅಧ್ಯಾಪಕರಾಗಿರಲಿಲ್ಲ. ವಿಭಾಗದ ಮುಖ್ಯಸ್ಥ ಜೂಲಿಯಸ್ ನ್ಯಾಂಗೊರೊ ಇದಕ್ಕೆ ಅವಕಾಶ ಕೊಟ್ಟರು. ಕೇಂದ್ರ ನ್ಯಾಯ ಇಲಾಖೆಯ ಮಾಜಿ ಅಧಿಕಾರಿ ಕೆನೆತ್ ವೈನ್‌ಸ್ಟೀನ್ 2014ರ ಅಕ್ಟೋಬರ್‌ನಲ್ಲಿ ಒಪ್ಪಿಸಿದ ವರದಿಯ ಪ್ರಕಾರ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಂಥ ಕೋರ್ಸ್‌ಗಳನ್ನು ತೆಗೆದುಕೊಂಡಿದ್ದರು. ಇಡೀ ವಿದ್ಯಾರ್ಥಿ ಸಮೂಹದಲ್ಲಿ ಆಟಗಾರರ ಪಾಲು ಶೇ. 4ರ ಆಸುಪಾಸಿನಲ್ಲಿದ್ದರೆ, ಈ ತರಗತಿಗಳ ನೋಂದಣಿಯಲ್ಲಿ ಅವರ ಪಾಲು ಅರ್ಧದ ಹತ್ತಿರ, ಶೇ. 47ರಷ್ಟಿತ್ತು. ಸರಾಸರಿ ಗ್ರೇಡ್ 2.0ಕ್ಕಿಂತ ಕೆಳಗಿಳಿಯದಂತೆ ಇಂಥ ಒಂದು ಕೋರ್ಸ್‌ನ ಗ್ರೇಡ್‌ನಿಂದಲೇ ಬಚಾವಾದ ವಿದ್ಯಾರ್ಥಿಗಳು 329 ಮಂದಿ ಎಂದು ಅದೇ ವರದಿ ಲೆಕ್ಕ ಹಾಕಿತು.

ಇವುಗಳ ಪೈಕಿ ನನ್ನನ್ನು ಹೆಚ್ಚು ನೋಯಿಸುವುದು ಸ್ವಾಹಿಲಿ ಭಾಷೆಯ ಕೋರ್ಸ್. ವಿಶ್ವವಿದ್ಯಾಲಯದ ಪದವಿಗೆ ಒಂದು ವಿದೇಶಿ ಭಾಷೆಯನ್ನು ನಿರ್ದಿಷ್ಟ ಮಟ್ಟದವರೆಗೆ ಕಲಿಯುವುದು ಕಡ್ಡಾಯ. ಆ ಮಟ್ಟದ ಸ್ವಾಹಿಲಿ ಕೋರ್ಸ್‌ಗೂ ತರಗತಿಯಿಲ್ಲದ ಆವೃತ್ತಿಯೊಂದಿತ್ತು. ಅದರಲ್ಲಿ ಸ್ವಾಹಿಲಿಯಲ್ಲಿ ಮಾತನಾಡಬೇಕಾಗಿರಲಿಲ್ಲ, ಬರೆಯಬೇಕಾಗಿರಲಿಲ್ಲ, ಆ ಜನರ ಸಂಸ್ಕೃತಿಯ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಕೊಟ್ಟರೆ ಭಾಷೆ ಕಲಿತಂತೆ ದಾಖಲಾಗುತ್ತಿತ್ತು. ಕೋಟ್ಯಂತರ ಜನ ಆಡುವ, ಸಮೃದ್ಧ ಸಾಹಿತ್ಯವಿರುವ ಒಂದು ಭಾಷೆಯನ್ನು ಹೀಗೆ ಗ್ರೇಡ್ ಹೊಂದಿಸುವ ಸಾಧನವಾಗಿ ಬಳಸಿದ್ದನ್ನು, ತನ್ನ ಭಾಷೆಗೆ ಹೊರನಾಡಿನಲ್ಲಿ ಒಂದು ತರಗತಿ ಸಿಕ್ಕರೂ ಸಂತೋಷಪಡುವ ಕನ್ನಡಿಗ ಸುಲಭವಾಗಿ ಮರೆಯಲಾರ. ವಿಭಾಗದ ಮಟ್ಟಿಗೂ ಇದೇ ಮಾತು ಸಲ್ಲುತ್ತದೆ. ಕಪ್ಪು ಜನಾಂಗದ ಚರಿತ್ರೆ ಮತ್ತು ಸಂಸ್ಕೃತಿಯನ್ನು ಗಂಭೀರವಾಗಿ ಓದಲು ಜಾಗ ಬೇಕೆಂದು 1960ರ ದಶಕದ ಕೊನೆಯಲ್ಲಿ ಕಪ್ಪು ವಿದ್ಯಾರ್ಥಿಗಳು ಹೋರಾಡಿದ್ದರಿಂದ ಹುಟ್ಟಿದ ಅಧ್ಯಯನವದು. ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ತಂಡಗಳಲ್ಲಿ ಹೆಚ್ಚಿನವರು ಕಪ್ಪು ಯುವಕರು. ಅವರ ಪೂರ್ವಜರ ಕಥೆಯನ್ನು ಅವರಿಗೆ ಹೇಳಿಕೊಡಲೆಂದೇ ಇದ್ದ ವಿಭಾಗದಲ್ಲಿ ಅವರಿಗೆ ಏನನ್ನೂ ಹೇಳಿಕೊಡದೆ ಕಳುಹಿಸಲಾಯಿತು, ಮತ್ತು ಅಲ್ಲಿ ಶ್ರದ್ಧೆಯಿಂದ ಪಾಠ ಮಾಡಿದ ಇತರ ಅಧ್ಯಾಪಕರೂ ನಿಜವಾಗಿ ಓದಿದ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಆ ಕಳಂಕವನ್ನು ಹೊತ್ತು ತಿರುಗಬೇಕಾಯಿತು.

ಕ್ರೌಡರ್ ಅವರನ್ನು ಖಳನಾಯಕಿಯಾಗಿ ಚಿತ್ರಿಸಿ ಮುಂದೆ ಹೋಗುವುದು ಸರಿಯಲ್ಲ. ತಾವು ವಿದ್ಯಾರ್ಥಿನಿಯಾಗಿದ್ದಾಗ ವಿಶ್ವವಿದ್ಯಾಲಯದಿಂದ ಸಾಕಷ್ಟು ಬೆಂಬಲ ಸಿಗಲಿಲ್ಲವೆಂಬ ಕೊರಗಿನಿಂದ, ಕಷ್ಟದಲ್ಲಿರುವ ಮಕ್ಕಳಿಗೆ ನೆರವಾಗಬೇಕೆಂಬ ಅನುಕಂಪದಿಂದ ಅವರು ಇದನ್ನು ಆರಂಭಿಸಿದರೆಂದು ವರದಿಯೇ ಹೇಳುತ್ತದೆ. ಆ ತರಗತಿಗಳನ್ನು ಅವರು ನಂತರವೂ ಸಮರ್ಥಿಸಿಕೊಂಡರು. ಹಾಗಾಗಿ ನನ್ನ ಆಕ್ಷೇಪ ಮುಖ್ಯವಾಗಿ ಇರುವುದು ಆಟಗಾರರ ಅಧ್ಯಯನ ಸಹಾಯ ಕೇಂದ್ರದ ಮೇಲೆ. ತರಗತಿಗೆ ಹೋಗಬೇಕಾಗಿಲ್ಲದ ಕೋರ್ಸ್ ಯಾವುದೆಂದು ತಿಳಿದಿದ್ದ ಅಲ್ಲಿನ ಕೆಲವು ಸಲಹೆಗಾರರು ಆಟಗಾರರನ್ನು ಗೊತ್ತಿದ್ದೇ ಅಲ್ಲಿಗೆ ಕಳುಹಿಸಿದರು. 2009ರಲ್ಲಿ ಕ್ರೌಡರ್ ನಿವೃತ್ತರಾದಾಗ ಈ ಸಲಹೆಗಾರರಿಗೆ ದಿಗಿಲಾಯಿತು. ಆ ವರ್ಷದ ನವೆಂಬರ್‌ನಲ್ಲಿ ಅವರು ಫುಟ್‌ಬಾಲ್ ಕೋಚ್‌ಗಳಿಗೆ ತೋರಿಸಿದ ಸ್ಲೈಡ್ ಒಂದರಲ್ಲಿ, ಹಿಂದೆ ಈ ಹುಡುಗರು ತರಗತಿಗೆ ಹೋಗುತ್ತಿರಲಿಲ್ಲ, ಟಿಪ್ಪಣಿ ಬರೆದುಕೊಳ್ಳಬೇಕಾಗಿರಲಿಲ್ಲ, ಎಚ್ಚರವಾಗಿಯೂ ಇರಬೇಕಾಗಿರಲಿಲ್ಲ, ಅಧ್ಯಾಪಕರನ್ನು ಕಾಣಬೇಕಾಗಿರಲಿಲ್ಲ, ಅಂಥ ಕೋರ್ಸ್‌ಗಳು ಇನ್ನು ಮುಂದೆ ಇಲ್ಲ ಎಂಬ ಅರ್ಥದ ಸಾಲುಗಳಿದ್ದವು. ಆ ಸೆಮಿಸ್ಟರ್‌ನಲ್ಲಿ ಫುಟ್‌ಬಾಲ್ ತಂಡದ ಸರಾಸರಿ ಗ್ರೇಡ್ ಹತ್ತು ವರ್ಷಗಳಲ್ಲೇ ಅತಿ ಕೆಳಕ್ಕೆ ಇಳಿಯಿತು. ಸೇವೆಯೊಂದರ ಗುಣಮಟ್ಟವನ್ನು ಅದನ್ನು ನೀಡುವವರೇ ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಇನ್ನೊಂದು ಉದಾಹರಣೆಯನ್ನು ನಾನು ಕಂಡಿಲ್ಲ.

ಇದು ಹೊರಬಿದ್ದದ್ದು ವಿಶ್ವವಿದ್ಯಾಲಯದ ಆತ್ಮಪರೀಕ್ಷೆಯಿಂದಲ್ಲ. ಬೇರೊಂದು ತನಿಖೆಯಲ್ಲಿ ಅನರ್ಹನಾದ ಫುಟ್‌ಬಾಲ್ ಆಟಗಾರನೊಬ್ಬ 2011ರಲ್ಲಿ ನ್ಯಾಯಾಲಯಕ್ಕೆ ಹೋದಾಗ, ಅವನ ಪ್ರಬಂಧವೊಂದು ಸಾರ್ವಜನಿಕ ದಾಖಲೆಯಾಯಿತು. ಅದರ ಹಲವು ಭಾಗಗಳು ಬೇರೆಡೆಯಿಂದ ಎತ್ತಿದವೆಂದು ಪ್ರತಿಸ್ಪರ್ಧಿ ತಂಡದ ಅಭಿಮಾನಿಗಳು ಪತ್ತೆಹಚ್ಚಿದರು. ಅಲ್ಲಿಂದ ಮುಂದೆ ರ‍್ಯಾಲಿಯ ‘ನ್ಯೂಸ್ ಅಂಡ್ ಅಬ್ಸರ್ವರ್’ ಪತ್ರಿಕೆಯ ವರದಿಗಾರ ಡ್ಯಾನ್ ಕೇನ್ ವರ್ಷಗಳ ಕಾಲ ಬೆನ್ನುಬಿಡದೆ ಬರೆದರು. ಮಾಜಿ ಗವರ್ನರ್ ಜೇಮ್ಸ್ ಮಾರ್ಟಿನ್ 2012ರ ಕೊನೆಯಲ್ಲಿ ಕೊಟ್ಟ ವರದಿ ಇದನ್ನು ಕ್ರೀಡೆಗೆ ಸಂಬಂಧಿಸಿದ ಹಗರಣವಲ್ಲ, ಬರೀ ಶೈಕ್ಷಣಿಕ ಹಗರಣವೆಂದು ತೀರ್ಮಾನಿಸಿತ್ತು. ಎರಡು ವರ್ಷದ ನಂತರ ವೈನ್‌ಸ್ಟೀನ್ ವರದಿ ಆ ತೀರ್ಮಾನವನ್ನು ನಿಲ್ಲಲು ಬಿಡಲಿಲ್ಲ.

ಒಳಗಿನಿಂದ ಮಾತನಾಡಿದವರು ಮೇರಿ ವಿಲ್ಲಿಂಗ್‌ಹ್ಯಾಮ್. ಆಟಗಾರರಿಗೆ ಓದು ಕಲಿಸುವ ವಿಶೇಷ ಶಿಕ್ಷಕಿಯಾಗಿದ್ದ ಅವರು, ತಾವು ಪರಿಶೀಲಿಸಿದ 183 ಆಟಗಾರರಲ್ಲಿ ಸುಮಾರು ಶೇ. 60ರಷ್ಟು ಮಂದಿಯ ಓದುವ ಸಾಮರ್ಥ್ಯ ನಾಲ್ಕರಿಂದ ಎಂಟನೆಯ ತರಗತಿಯ ಮಟ್ಟದಲ್ಲಿತ್ತೆಂದು 2014ರಲ್ಲಿ ಹೇಳಿದರು. ವಿಶ್ವವಿದ್ಯಾಲಯ ಈ ಅಂಕಿಗಳನ್ನು ಒಪ್ಪಲಿಲ್ಲ. ಅದು ನೇಮಿಸಿದ ಹೊರಗಿನ ತಜ್ಞರೂ ಆ ಪರೀಕ್ಷೆಯಿಂದ ಅಂಥ ತೀರ್ಮಾನಕ್ಕೆ ಬರಲಾಗದು ಎಂದರು. ಅಂಕಿಗಳ ವಿವಾದ ಏನೇ ಇರಲಿ, ತರಗತಿಗಳು ನಡೆಯುತ್ತಿರಲಿಲ್ಲ ಎಂಬ ಅವರ ಮೂಲ ಮಾತು ಸತ್ಯವಾಗಿತ್ತು. ಆದರೂ ಅವರು ಕೆಲಸ ಬಿಡುವಂತಾಯಿತು. ಅವರು ಹೂಡಿದ ಮೊಕದ್ದಮೆಯನ್ನು ವಿಶ್ವವಿದ್ಯಾಲಯ 2015ರಲ್ಲಿ 3,35,000 ಡಾಲರ್ ಕೊಟ್ಟು ಇತ್ಯರ್ಥಪಡಿಸಿಕೊಂಡಿತು. ಇದೇ ಪಾಡು ಇವರಿಗಿಂತ ಮೂರು ದಶಕ ಮೊದಲು ಜಾರ್ಜಿಯಾ ವಿಶ್ವವಿದ್ಯಾಲಯದ ಶಿಕ್ಷಕಿ ಜ್ಯಾನ್ ಕೆಂಪ್ ಅವರದೂ ಆಗಿತ್ತು. ಆಟಗಾರರಿಗೆ ಸಿಗುತ್ತಿದ್ದ ವಿಶೇಷ ರಿಯಾಯಿತಿಯನ್ನು ಪ್ರಶ್ನಿಸಿ ಕೆಲಸ ಕಳೆದುಕೊಂಡ ಅವರು 1986ರಲ್ಲಿ ನ್ಯಾಯಾಲಯದಲ್ಲಿ ಗೆದ್ದರು. ಸತ್ಯ ಹೇಳಿದ ಶಿಕ್ಷಕರನ್ನು ಒಂದು ವಿದ್ಯಾಸಂಸ್ಥೆ ನಡೆಸಿಕೊಳ್ಳುವ ರೀತಿಯನ್ನೂ ಸೇವೆಯ ಗುಣಮಟ್ಟದಲ್ಲಿ ಸೇರಿಸಿಯೇ ನೋಡಬೇಕು, ಏಕೆಂದರೆ ಮುಂದೊಂದು ದಿನ ನಿಮ್ಮ ಮಗುವಿನ ಪರವಾಗಿ ಬಾಯಿ ತೆರೆಯಬೇಕಾದವರೂ ಅಂಥವರೇ.

ಗ್ರಾಹಕನಿಗೆ ಅನ್ಯಾಯವಾದಾಗ ದೂರು ಕೇಳುವವರು ಯಾರು ಎಂಬುದು ಪ್ರತಿಯೊಂದು ಸೇವೆಯ ಬಗ್ಗೆ ಕೇಳಲೇಬೇಕಾದ ಪ್ರಶ್ನೆ. ಇಲ್ಲಿ ಅದಕ್ಕೆ ಸಿಕ್ಕ ಉತ್ತರ ನಿರಾಶೆಯದು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ನೀಡುವ ಪ್ರಾದೇಶಿಕ ಸಂಸ್ಥೆ 2015ರ ಜೂನ್‌ನಲ್ಲಿ ಅದನ್ನು ಒಂದು ವರ್ಷ ನಿಗಾದಲ್ಲಿಟ್ಟಿತು. ಎನ್‌ಸಿಎಎಯ ಶಿಸ್ತು ಸಮಿತಿಯ ತೀರ್ಪು 2017ರ ಅಕ್ಟೋಬರ್ 13ರಂದು ಬಂತು: ಆಟಗಾರರಿಗೆ ಈ ಕೋರ್ಸ್‌ಗಳಿಂದ ಲಾಭವಾಗಿರಬಹುದು, ಆದರೆ ಅವು ಇತರ ವಿದ್ಯಾರ್ಥಿಗಳಿಗೂ ತೆರೆದಿದ್ದವು, ಆಟಗಾರರಿಗಾಗಿಯೇ ಹುಟ್ಟುಹಾಕಿದವೆಂದು ದಾಖಲೆಯಿಂದ ಸಿದ್ಧವಾಗುವುದಿಲ್ಲ, ಕೋರ್ಸ್ ಮೋಸದ್ದೋ ಅಲ್ಲವೋ ಎಂದು ನಿರ್ಣಯಿಸುವುದು ವಿಶ್ವವಿದ್ಯಾಲಯಕ್ಕೆ ಬಿಟ್ಟ ವಿಷಯ, ಆದ್ದರಿಂದ ವಿಶ್ವವಿದ್ಯಾಲಯ ಶೈಕ್ಷಣಿಕ ನಿಯಮಗಳನ್ನು ಉಲ್ಲಂಘಿಸಿತೆಂದು ಹೇಳಲಾಗುವುದಿಲ್ಲ. ಒಂದು ಪ್ರಶಸ್ತಿಯೂ ಹಿಂದಕ್ಕೆ ಹೋಗಲಿಲ್ಲ. ಮಾನ್ಯತಾ ಸಂಸ್ಥೆಯ ಎದುರು ತಪ್ಪನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯ, ಕ್ರೀಡಾ ಸಮಿತಿಯ ಎದುರು ಅವು ಗುಣಮಟ್ಟ ಕಡಿಮೆಯಿದ್ದ ಕೋರ್ಸ್‌ಗಳಷ್ಟೇ ಎಂದು ವಾದಿಸಿ ಪಾರಾಯಿತು. ಕಾನೂನಿನ ಲೆಕ್ಕದಲ್ಲಿ ಸಮಿತಿಯ ತರ್ಕ ಸರಿಯಿರಬಹುದು. ಅನ್ಯಾಯಕ್ಕೊಳಗಾದವರ ಪಟ್ಟಿಗೆ ಆಟವಾಡದ ಸಾವಿರಾರು ವಿದ್ಯಾರ್ಥಿಗಳೂ ಸೇರಿದ್ದರಿಂದ ತಪ್ಪು ಹಗುರವಾಯಿತೆಂಬ ತೀರ್ಮಾನವನ್ನು ಒಬ್ಬ ಪೋಷಕನಾಗಿ ನಾನು ಎಂದಿಗೂ ಒಪ್ಪಲಾರೆ.

ನಂತರ ಮಾಡಿದ ದುರಸ್ತಿಯನ್ನು ಮೆಚ್ಚಬೇಕು. ಎಪ್ಪತ್ತಕ್ಕೂ ಹೆಚ್ಚು ಸುಧಾರಣೆಗಳನ್ನು ತಂದಿರುವುದಾಗಿ ವಿಶ್ವವಿದ್ಯಾಲಯ ಹೇಳಿಕೊಂಡಿದೆ. ನಿಗದಿಯಾದ ಕೊಠಡಿಯಲ್ಲಿ ನಿಗದಿಯಾದ ಹೊತ್ತಿಗೆ ತರಗತಿ ನಿಜವಾಗಿ ನಡೆಯುತ್ತಿದೆಯೇ ಎಂದು ಹೋಗಿ ನೋಡುವ ಪದ್ಧತಿ ಬಂದಿದೆ, ಆಟಗಾರರ ಅಧ್ಯಯನ ಸಹಾಯ ಕೇಂದ್ರ ಈಗ ಶೈಕ್ಷಣಿಕ ಆಡಳಿತದ ಅಧೀನದಲ್ಲಿದೆ, ಆಫ್ರಿಕನ್ ಅಧ್ಯಯನ ವಿಭಾಗ ಹೊಸ ಹೆಸರು ಮತ್ತು ಹೊಸ ನಾಯಕತ್ವದೊಂದಿಗೆ ತನ್ನ ಗೌರವವನ್ನು ಮರಳಿ ಗಳಿಸಿಕೊಂಡಿದೆ. ಅಂಥದೇ ಕೋರ್ಸ್‌ಗಳು ಇಂದು ಅಲ್ಲಿ ಮತ್ತೆ ಹುಟ್ಟಿಕೊಳ್ಳುವುದು ಬಹಳ ಕಷ್ಟ. 28 ಕ್ರೀಡೆಗಳಲ್ಲಿ ಆಡುವ ಸುಮಾರು ಎಂಟುನೂರು ಆಟಗಾರರಲ್ಲಿ ಹೆಚ್ಚಿನವರು ಬೆಳಗಿನ ಜಾವ ಎದ್ದು, ಪ್ರಯಾಣದ ನಡುವೆಯೇ ಪರೀಕ್ಷೆಗೆ ಓದಿ, ಪ್ರಾಮಾಣಿಕವಾಗಿ ಪದವಿ ಗಳಿಸುವವರು ಎಂಬುದನ್ನೂ ಒತ್ತಿ ಹೇಳಬೇಕು.

ಆದರೆ ಆಟದ ಸೆಳೆತ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ವೃತ್ತಿಪರ ಫುಟ್‌ಬಾಲ್‌ನ ಖ್ಯಾತ ಕೋಚ್ ಬಿಲ್ ಬೆಲಿಚಿಕ್ ಅವರನ್ನು 2024ರ ಡಿಸೆಂಬರ್‌ನಲ್ಲಿ ವರ್ಷಕ್ಕೆ 1 ಕೋಟಿ ಡಾಲರ್ ಸಂಬಳಕ್ಕೆ ಚಾಪೆಲ್ ಹಿಲ್ ನೇಮಿಸಿಕೊಂಡಿತು. ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಯಾವ ವಿಜ್ಞಾನಿಗೂ ಯಾವ ಕುಲಪತಿಗೂ ಅದರ ಹತ್ತಿರದ ಸಂಬಳವೂ ಇಲ್ಲ; ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸಾರ್ವಜನಿಕ ನೌಕರ ಕೋಚ್ ಆಗಿರುತ್ತಾನೆ. 2024ರಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು ಚಾಪೆಲ್ ಹಿಲ್ ಇರುವ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಲೀಗ್‌ಗೆ ಸೇರಿದ್ದು ಟಿವಿ ಹಣದ ಒತ್ತಡದಿಂದ. ಅದರ ಪರಿಣಾಮವಾಗಿ ವಾಲಿಬಾಲ್ ಆಡುವ ಹುಡುಗಿಯೂ ಲೀಗ್ ಪಂದ್ಯಕ್ಕಾಗಿ ಸುಮಾರು 4,000 ಕಿಲೋಮೀಟರ್ ಹಾರಿ, ಮೂರು ಗಂಟೆಯ ಕಾಲವ್ಯತ್ಯಾಸ ದಾಟಿ, ಮರಳಿ ಬಂದು ಬೆಳಗ್ಗೆ ತರಗತಿಯಲ್ಲಿ ಕೂರಬೇಕು. ಅವಳ ಓದಿಗೆ ಇದರಿಂದ ಒಳ್ಳೆಯದಾಗುತ್ತದೆಂದು ವಾದಿಸಲು ಯಾರಿಂದಲೂ ಸಾಧ್ಯವಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಪ್ರತಿ ವಿಶ್ವವಿದ್ಯಾಲಯಕ್ಕೆ 2.05 ಕೋಟಿ ಡಾಲರ್. ದಶಕಗಳ ಕಾಲ ಆಟಗಾರರ ದುಡಿಮೆಯಿಂದ ಇತರರು ಮಾತ್ರ ಶ್ರೀಮಂತರಾದದ್ದನ್ನು ನೋಡಿದವರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ, ನನಗೂ ಹಾಗೆಯೇ ಕಾಣುತ್ತದೆ. ನನ್ನ ಭಯ ಬೇರೆಯದು. ಕೈಗೆ ಹಣ ಕೊಟ್ಟ ಮೇಲೆ ವಿದ್ಯೆಯ ಸಾಲ ತೀರಿತೆಂದು ವಿಶ್ವವಿದ್ಯಾಲಯಗಳು ಭಾವಿಸಬಹುದು. ಹಣದ ಬಹುಭಾಗ ಹೋಗುವುದು ಎರಡು ಕ್ರೀಡೆಗಳಿಗೆ, ಅವುಗಳಲ್ಲಿಯೂ ಕೆಲವೇ ಆಟಗಾರರಿಗೆ. ವೃತ್ತಿಪರ ತಂಡ ಸೇರದೆ ಇಪ್ಪತ್ತೆರಡನೆಯ ವಯಸ್ಸಿಗೆ ಆಟ ಮುಗಿಸುವ ಉಳಿದೆಲ್ಲರ ಪಾಲಿಗೆ ಆ ಪದವಿಯೇ ಆಸ್ತಿ.

ಬೇರೆ ದಾರಿಯಿಲ್ಲವೆಂದು ಹೇಳುವವರಿಗೆ ಷಿಕಾಗೊ ವಿಶ್ವವಿದ್ಯಾಲಯವನ್ನು ತೋರಿಸಬೇಕು. ಒಂದು ಕಾಲಕ್ಕೆ ಅದು ಫುಟ್‌ಬಾಲ್‌ನ ದೈತ್ಯ. 1935ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿಯನ್ನು, ಮುಂದೆ ಹೈಸ್‌ಮನ್ ಟ್ರೋಫಿಯೆಂದು ಹೆಸರಾದದ್ದನ್ನು, ಮೊಟ್ಟಮೊದಲು ಗೆದ್ದ ಜೇ ಬರ್ವಾಂಗರ್ ಅಲ್ಲಿಯವರು. 1939ರ ಡಿಸೆಂಬರ್‌ನಲ್ಲಿ ಅದರ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಫುಟ್‌ಬಾಲ್ ತಂಡವನ್ನೇ ರದ್ದುಮಾಡಿಸಿದರು. ಖಾಲಿಯಾದ ಸ್ಟ್ಯಾಗ್ ಮೈದಾನದ ಪಶ್ಚಿಮದ ಆಸನಗಳ ಕೆಳಗೆ 1942ರ ಡಿಸೆಂಬರ್ 2ರಂದು ಮನುಷ್ಯ ನಿಯಂತ್ರಿಸಿದ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಯಿತು; ಮುಂದೆ ಆ ಮೈದಾನದ ಜಾಗದಲ್ಲಿಯೇ ರೆಗೆನ್‌ಸ್ಟೈನ್ ಗ್ರಂಥಾಲಯ ಎದ್ದು 1970ರಲ್ಲಿ ತೆರೆಯಿತು. ನಮ್ಮ ಎ. ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ್ದು ಇದೇ ವಿಶ್ವವಿದ್ಯಾಲಯದಲ್ಲಿ, ವಚನಗಳು ಇಂಗ್ಲಿಷ್ ಓದುಗರನ್ನು ತಲುಪಿದ್ದು ಅಲ್ಲಿದ್ದ ಅವರ ಕೈಯಿಂದ. 1969ರಲ್ಲಿ ಫುಟ್‌ಬಾಲ್ ಅಲ್ಲಿಗೆ ಮರಳಿ ಬಂತು, ಆದರೆ ಇಂದು ಅದು ಇರುವುದು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡದ ಮೂರನೆಯ ದರ್ಜೆಯ ವಿಭಾಗದಲ್ಲಿ. ಅಲ್ಲಿನ ಆಟಗಾರರೂ ಬೆವರು ಸುರಿಸುತ್ತಾರೆ, ಸೋತಾಗ ಅಳುತ್ತಾರೆ. ಮಾರನೆಯ ದಿನ ಪ್ರಯೋಗಾಲಯಕ್ಕೂ ಹೋಗುತ್ತಾರೆ.

ಹಾಗಾದರೆ ಚಾಪೆಲ್ ಹಿಲ್‌ನ ಈ ಸೇವೆಯನ್ನು ಯಾರಿಗೆ ಶಿಫಾರಸು ಮಾಡಬಹುದು? ಆಟವಿಲ್ಲದೆಯೂ ಅಲ್ಲಿ ಪ್ರವೇಶ ಪಡೆಯುವಷ್ಟು ಓದಿನ ಬುನಾದಿಯಿರುವ, ಏನನ್ನು ಕಲಿಯಬೇಕೆಂದು ತಾನೇ ನಿರ್ಧರಿಸಿಕೊಂಡಿರುವ ವಿದ್ಯಾರ್ಥಿಗೆ ಧೈರ್ಯವಾಗಿ ಹೇಳಬಲ್ಲೆ. ಅಲ್ಲಿನ ಒಳ್ಳೆಯ ಅಧ್ಯಾಪಕರು ಅವಳಿಗೆ ಸಿಗುತ್ತಾರೆ. ಬುನಾದಿ ದುರ್ಬಲವಾಗಿರುವ, ಆಟದ ಬಲದಿಂದಲೇ ಒಳಗೆ ಬರುವ ಹುಡುಗನಿಗೆ ಈ ಸೇವೆ ಅತ್ಯಂತ ಅಗತ್ಯವಾದದ್ದು, ಹಿಂದೆ ಅತ್ಯಂತ ಕೆಟ್ಟದಾಗಿ ಸಿಕ್ಕಿದ್ದೂ ಅವನಿಗೇ. ಅವನ ಕುಟುಂಬ ಆವರಣ ನೋಡಲು ಹೋದ ದಿನ ಸ್ಟೇಡಿಯಂ ಮತ್ತು ಲಾಕರ್ ಕೊಠಡಿಗಳಲ್ಲಿ ಕಳೆಯುವ ಸಮಯವನ್ನು ಕಡಿಮೆ ಮಾಡಿ, ಈ ತಂಡದ ಮೂರನೆಯ ಮತ್ತು ನಾಲ್ಕನೆಯ ವರ್ಷದವರು ಯಾವ ಯಾವ ವಿಷಯಗಳನ್ನು ಓದುತ್ತಿದ್ದಾರೆಂದು ಕೇಳಬೇಕು. ಕಳೆದ ಋತುವಿನಲ್ಲಿ ಪ್ರಯಾಣಕ್ಕಾಗಿ ಎಷ್ಟು ತರಗತಿ ದಿನಗಳು ತಪ್ಪಿದವು, ಅಭ್ಯಾಸದ ಹೊತ್ತಿಗೆ ಅಡ್ಡಬರುವ ಪ್ರಯೋಗಾಲಯವನ್ನು ಆರಿಸಿಕೊಂಡರೆ ಕೋಚ್ ಏನು ಹೇಳುತ್ತಾರೆ, ಬೇಸಿಗೆಯಲ್ಲಿ ತರಬೇತಿ ಬಿಟ್ಟು ಇಂಟರ್ನ್‌ಶಿಪ್‌ಗೆ ಹೋದವರು ಯಾರಾದರೂ ಇದ್ದಾರೆಯೇ, ಗಾಯವಾಗಿ ಆಡಲಾಗದಿದ್ದರೆ ಪದವಿ ಮುಗಿಯುವವರೆಗೆ ಸ್ಕಾಲರ್‌ಶಿಪ್ ಉಳಿಯುತ್ತದೆಯೇ ಎಂದು ಕೇಳಬೇಕು. ಪದವೀಧರರ ಪ್ರಮಾಣ ಹೇಳಿದರೆ, ಅದು ಬೇರೆಡೆಗೆ ವರ್ಗವಾಗಿ ಹೋದವರನ್ನು ಬಿಟ್ಟ ಎನ್‌ಸಿಎಎಯ ಲೆಕ್ಕವೋ, ಬಂದವರೆಲ್ಲರನ್ನೂ ಎಣಿಸುವ ಕೇಂದ್ರ ಸರ್ಕಾರದ ಲೆಕ್ಕವೋ ಎಂದು ವಿಚಾರಿಸಬೇಕು. ಎರಡರ ನಡುವೆ ದೊಡ್ಡ ಅಂತರವಿರುತ್ತದೆ. ಸಾಧ್ಯವಾದರೆ ಕೋಚ್ ಜೊತೆಗಿಲ್ಲದ ಹೊತ್ತಿನಲ್ಲಿ, ಪಂದ್ಯದಲ್ಲಿ ಹೆಚ್ಚು ಆಡುವ ಅವಕಾಶ ಸಿಗದ ನಾಲ್ಕನೆಯ ವರ್ಷದ ಆಟಗಾರನೊಬ್ಬನ ಬಳಿ ಕುಳಿತು, ಅವನು ಕೊನೆಯದಾಗಿ ಬರೆದ ಪ್ರಬಂಧ ಯಾವುದರ ಬಗ್ಗೆ, ಅದನ್ನು ಓದಿ ತಿದ್ದಿದವರು ಯಾರು ಎಂದು ಕೇಳಿ ತಿಳಿದುಕೊಳ್ಳಬೇಕು.